ಪ್ರೊಸೈಟ್: ಪೆನ್ಸಿಲ್ಲಿಗೆ ಸಿಗುವ ಪ್ಯಾಟರ್ನ್, ಕೈಗೆ ಸಿಗದ ಐಎಲ್-11

1988ರಲ್ಲಿ ಅಮೋಸ್ ಬೈರೋಚ್ ಶುರು ಮಾಡಿದ, ಪ್ರೋಟೀನ್ ಯಾವ ಕುಟುಂಬದ್ದು ಎಂದು ಗುರುತಿಸುವ ಸ್ವಿಸ್ ಡೇಟಾಬೇಸ್ ಇದು. ನಮ್ಮಂಥ ಕಾಲೇಜು ಲ್ಯಾಬಿನವರಿಗೆ ಪುಕ್ಕಟೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ತಾಕತ್ತು ನಮಗಿಲ್ಲ. ಹಾಗಾಗಿ ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನ್‌ಗಳಾದ ಸೈಟೊಕೈನ್‌ಗಳಲ್ಲಿ ಯಾವುದು ಯಾವ ಕುಟುಂಬದ್ದು ಎಂದು ನೋಡಲು ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ.

ಸರಣಿಯನ್ನು ಸೈಟಿನ ಬಾಕ್ಸಿಗೆ ಪೇಸ್ಟ್ ಮಾಡುವ ಮೊದಲು ನನ್ನದೊಂದು ಚಟವಿದೆ. ಪ್ರೋಟೀನ್ ಸರಣಿಯನ್ನು (ಒಂದೊಂದು ಅಮೈನೊ ಆಮ್ಲಕ್ಕೆ ಒಂದೊಂದು ಅಕ್ಷರ) ಪ್ರಿಂಟ್ ತೆಗೆದು, ಸಿಸ್ಟೀನ್ ಎಂಬ ಅಮೈನೊ ಆಮ್ಲ ಇರುವ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. ಐಎಲ್-6 (ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್) ಕುಟುಂಬದ ಪ್ಯಾಟರ್ನ್, ಅಂದರೆ ಗುರುತಿನ ಅಕ್ಷರಗಳ ಸಾಲು, ಹೀಗೆ ಶುರುವಾಗುತ್ತದೆ: ಒಂದು ಸಿಸ್ಟೀನ್, ಆಮೇಲೆ ಯಾವುದಾದರೂ 9 ಅಮೈನೊ ಆಮ್ಲ, ಮತ್ತೆ ಸಿಸ್ಟೀನ್, ಯಾವುದಾದರೂ 6, ಆಮೇಲೆ ಗ್ಲೈಸೀನ್, ಲ್ಯೂಸೀನ್. ಮನುಷ್ಯರ ಐಎಲ್-6ರಲ್ಲಿ ಮೂರನೇ ಕೆಂಪು ಸುತ್ತಿನ ಮೇಲೆ ಪೆನ್ಸಿಲ್ ಇಟ್ಟು ಎಣಿಸುತ್ತಾ ಹೋದರೆ ಸರಿಯಾಗಿ ನಾಲ್ಕನೇ ಸುತ್ತಿನ ಮೇಲೇ ಬಂದು ನಿಲ್ಲುತ್ತದೆ. ಆ ಖುಷಿಯೇ ಬೇರೆ! ಕೋಶಗಳನ್ನು ಕರೆದು ತರುವ ಸೈಟೊಕೈನ್‌ಗಳಾದ ಕೀಮೊಕೈನ್‌ಗಳಂತೂ ಇನ್ನೂ ಸುಲಭ. ಮೊದಲೆರಡು ಸಿಸ್ಟೀನ್ ಅಂಟಿಕೊಂಡಿದ್ದರೆ ಸಿಸಿ ಕುಟುಂಬ, ನಡುವೆ ಬೇರೊಂದು ಅಮೈನೊ ಆಮ್ಲ ನುಸುಳಿದ್ದರೆ ಸಿಎಕ್ಸ್‌ಸಿ. ಐಎಲ್-8 ಎಂಬ ಕೀಮೊಕೈನ್ ಎರಡನೆಯದು.

ನನಗೆ ಜಾಸ್ತಿ ಇಷ್ಟವಾದದ್ದು ಪ್ರತಿ ಪ್ಯಾಟರ್ನ್ ಜೊತೆ ಬರುವ ಟಿಪ್ಪಣಿ. ಕೂತು ಓದಿ ಬರೆದ ಮನುಷ್ಯರ ಕೈ ಅದರಲ್ಲಿ ಕಾಣುತ್ತದೆ. ಯಾವ ಪ್ರೋಟೀನ್ ಸುಮ್ನೆ ಬಂದು ಸಿಕ್ಕಿಬಿದ್ದಿದೆ, ಸಿಗಬೇಕಿದ್ದ ಯಾವುದು ತಪ್ಪಿಸಿಕೊಂಡಿದೆ ಎಂದು ಡೇಟಾಬೇಸೇ ಪಟ್ಟಿ ಕೊಡುತ್ತದೆ. (ತುಂಬ ಸಾಮಾನ್ಯ ಪ್ಯಾಟರ್ನ್‌ಗಳನ್ನು ಬಿಡಲು ಹೇಳುವ ಟಿಕ್ ತೆಗೆಯಬೇಡಿ. ತೆಗೆದರೆ ಗ್ಲೈಕೊಸಿಲೇಶನ್ (ಸಕ್ಕರೆ ಅಂಟುವ) ಜಾಗಗಳೇ ಪುಟ ತುಂಬುತ್ತವೆ.)

ಬೇಜಾರು ಶುರುವಾಗಿದ್ದು ಐಎಲ್-11ರಿಂದ. ಐಎಲ್-6ರ ಹಾಗೆ ಇದಕ್ಕೂ ಜಿಪಿ130 ರಿಸೆಪ್ಟರ್ (ಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನ್) ಬೇಕು. ಆಕಾರವೂ ಅದೇ, ಸುರುಳಿಯಂಥ ನಾಲ್ಕು ಹೆಲಿಕ್ಸ್‌ಗಳ ಕಟ್ಟು. ಆದರೆ ಕೋಶದಿಂದ ಹೊರಬರುವ ಐಎಲ್-11ರಲ್ಲಿ ಒಂದೇ ಒಂದು ಸಿಸ್ಟೀನ್ ಇಲ್ಲ. ಪ್ಯಾಟರ್ನಿನ ಮೊದಲ ಅಕ್ಷರಕ್ಕೇ ಔಟ್! ಕೀಮೊಕೈನ್‌ಗಳಲ್ಲೂ ಇಂಥವು ಇವೆ. ಫ್ರ್ಯಾಕ್ಟಾಲ್ಕೈನ್‌ನಲ್ಲಿ ಮೊದಲೆರಡು ಸಿಸ್ಟೀನ್‌ಗಳ ನಡುವೆ ಮೂರು ಕೂತಿವೆ. ಲಿಂಫೊಟ್ಯಾಕ್ಟಿನ್‌ನಲ್ಲಿ ನಾಲ್ಕರಲ್ಲಿ ಎರಡು ಸಿಸ್ಟೀನ್ ಮಾಯ. ಸಿಸಿಗೂ ಸಿಎಕ್ಸ್‌ಸಿಗೂ ಇವು ಹೊಂದುವುದಿಲ್ಲ. ಪ್ಯಾಟರ್ನ್ ಅನ್ನುವುದು ಹೌದು ಇಲ್ಲವೇ ಇಲ್ಲ ಎನ್ನುವ ಜಾತಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ನೆಂಟಸ್ತಿಕೆ ಒಪ್ಪುವುದಿಲ್ಲ, ಮದುವೆ ಮನೆಯ ಬಾಗಿಲಲ್ಲಿ ನಿಂತ ಹಟಮಾರಿ ದೊಡ್ಡಪ್ಪನ ಹಾಗೆ.

ದೂರದ ನೆಂಟರನ್ನು ಹುಡುಕಲು ಪ್ರೊಫೈಲ್ ಬೇಕು. ಅದು ಪ್ರತಿ ಜಾಗಕ್ಕೂ ಅಂಕ ಕೊಟ್ಟು ಕೂಡಿಸುತ್ತದೆ. 2000ದಲ್ಲಿ ಐಎಲ್-23ರ ಪಿ19 ತುಂಡು ಸಿಕ್ಕಿದ್ದು ಅಂಥ ಹುಡುಕಾಟದಲ್ಲೇ. ಹಾಗಾಗಿ ಗುರುತಿಲ್ಲದ ಸರಣಿ ಬಂದರೆ ಈಗ ಮೊದಲು ಇಂಟರ್‌ಪ್ರೊಗೆ ಹೋಗುತ್ತೇನೆ. ಹಲವು ಪ್ರೋಟೀನ್ ಡೇಟಾಬೇಸ್‌ಗಳನ್ನು ಒಟ್ಟಿಗೆ ಹುಡುಕುವ ತಾಣ ಅದು. ಪ್ರೊಸೈಟ್, ಪಿಫ್ಯಾಮ್ ಎರಡೂ ಅದರೊಳಗೇ ಇವೆ. ಆದರೆ ಅಲ್ಲಿ ಬರುವುದು ಬಣ್ಣದ ಪಟ್ಟಿಗಳು. ಯಾವ ಅಕ್ಷರಕ್ಕೆ ಈ ಉತ್ತರ ಬಂತು ಎಂದು ಮಕ್ಕಳು ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ ಅಲ್ವಾ?

ಐದಕ್ಕೆ ನಾಲ್ಕು ಸ್ಟಾರ್. ಪಾಠ ಮಾಡುವವರಿಗೆ, ಕೀಮೊಕೈನ್ ನೋಡುವವರಿಗೆ ಧಾರಾಳವಾಗಿ ಸಾಕು. ಐಎಲ್-6ರ ಬಳಗ ಪೂರ್ತಿ ಬೇಕೆನ್ನುವವರು ಪ್ಯಾಟರ್ನ್ ಒಂದನ್ನೇ ನಂಬಬೇಡಿ.