ಇಂಜಿನ್ ಇಳಿಸಿ ಕೆಲಸ ಮಾಡಿಸೋರು ಬೋಲ್ಟ್ ಡಬ್ಬಿ ಮೇಲೆ ಒಂದು ಕಣ್ಣಿಡಿ

ಬೈಯೋದೆಲ್ಲ ಬೈದು ಮುಗಿಸಿ ಬರೀತಿದ್ದೀನಿ, ಆದರೂ ಸಿಟ್ಟು ಇಳಿದಿಲ್ಲ. ₹68,000 ಖರ್ಚು ಮಾಡಿ ಇಂಜಿನ್ ಕಟ್ಟಿಸಿ, ಮೂರು ತಿಂಗಳೊಳಗೆ ಮತ್ತೆ ಬಿಚ್ಚಿಸಿದ್ದೀನಿ. ಅದೂ ಬೋಲ್ಟಿಗೋಸ್ಕರ.

ನನ್ನದು 1998ರ ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬುರೇಟರ್ ಗಾಡಿ. ಸಕಲೇಶಪುರದ ಕಡೆ ತೋಟ, ಮಳೆಗಾಲದಲ್ಲಿ ಆ ಏರು ಹತ್ತೋಕೆ ಇದೇ ಬೇಕು. ಹೊಗೆ ಜಾಸ್ತಿಯಾಗಿ ಆಯಿಲ್ ಕುಡಿಯೋಕೆ ಶುರುಮಾಡಿದ ಮೇಲೆ ಇಂಜಿನ್ ಇಳಿಸಿದ್ದು. ಬೋರಿಂಗ್, ಪಿಸ್ಟನ್, ರಿಂಗು, ಬೇರಿಂಗು, ವಾಲ್ವ್ ಕೆಲಸ, ಎಲ್ಲ. ಸಾಮಾನು ನಾನೇ ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ಆರಿಸಿ ತಂದೆ. ಲೇತ್ ಕೆಲಸವೂ ಚೆನ್ನಾಗೇ ಆಗಿತ್ತು. ಕೆಟ್ಟಿದ್ದು ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬುರೇಟರಿಂದ ಇಂಜಿನ್ ಹೆಡ್ಡಿಗೆ ಗಾಳಿ, ಪೆಟ್ರೋಲ್ ಒಯ್ಯೋ ಕೊಳವೆ) ಕೂರಿಸೋವಾಗ.

ನನ್ನ ಮಾನ ನಾನೇ ಕಳ್ಕೋತೀನಿ, ಕೇಳಿ. ಬಿಚ್ಚೋ ದಿನ ನಾನು ಅಲ್ಲೇ ಟೀ ಕುಡೀತಾ ನಿಂತಿದ್ದೆ. ಹುಡುಗ ಬಿಚ್ಚಿದ್ದನ್ನೆಲ್ಲ ಒಂದು ಹಳೇ ಪೇಂಟ್ ಡಬ್ಬಿಗೆ ಹಾಕಿ ಡೀಸೆಲ್ ಸುರಿದ. ಮ್ಯಾನಿಫೋಲ್ಡಿನ ಬೋಲ್ಟು, ಆಲ್ಟರ್ನೇಟರಿನ ಬೋಲ್ಟು, ಟೈಮಿಂಗ್ ಕವರಿನ ಬೋಲ್ಟು, ಎಲ್ಲ ಒಂದೇ ಡಬ್ಬಿಗೆ. ನನಗೆ ಮನಸ್ಸಲ್ಲಿ ಚುರುಕ್ ಅಂತು. "ಮೇಸ್ತ್ರಿ, ಬೋಲ್ಟೆಲ್ಲ ಬೇರೆ ಬೇರೆ ಇಡೋದಲ್ವಾ?" ಅಂದೆ. "ಸಾರ್, ಇಪ್ಪತ್ತು ವರ್ಷದಿಂದ ಜಿಪ್ಸಿ ಬಿಚ್ತಿದೀನಿ. ಕಣ್ಮುಚ್ಕೊಂಡು ಹಾಕ್ತೀನಿ" ಅಂದ. ನಾನು ನಕ್ಕು ಸುಮ್ಮನಾದೆ. ಕಣ್ಮುಚ್ಕೊಂಡೇ ಹಾಕಿದಾನೆ ಪುಣ್ಯಾತ್ಮ, ಅದರಲ್ಲಿ ಸುಳ್ಳಿಲ್ಲ.

ಗಾಡಿ ಕೊಟ್ಟ ದಿನದಿಂದಲೇ ಐಡ್ಲಿಂಗ್ ಸರಿ ಇರಲಿಲ್ಲ. ಸಿಗ್ನಲ್ಲಲ್ಲಿ ನಿಂತ್ರೆ ತಾನೇ ಏರೋದು, ತಾನೇ ಇಳಿಯೋದು. ಬೆಳಿಗ್ಗೆ ಚೋಕ್ ಎಳೆದ್ರೂ ಕೆಮ್ಮೋದು. ಬಾನೆಟ್ ಎತ್ತಿ ಕಿವಿ ಕೊಟ್ರೆ ಸುಯ್ ಅನ್ನೋ ಸದ್ದು. ಫೋನ್ ಮಾಡಿದ್ರೆ "ಹೊಸ ಇಂಜಿನ್ ಸಾರ್, ಟೈಟ್ ಇದೆ, ಸಾವಿರ ಕಿಲೋಮೀಟರ್ ಓಡಲಿ, ಸೆಟ್ ಆಗುತ್ತೆ." ಸಾವಿರ ಓಡಿಸಿದೆ. "ಪೆಟ್ರೋಲ್ ಸರಿ ಇಲ್ಲ, ಬಂಕ್ ಬದಲಾಯ್ಸಿ." ಬದಲಾಯಿಸಿದೆ. ಆಮೇಲೆ ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಕಳಿಸಿದ, ಎರಡು ದಿನ ಸರಿಯಿತ್ತು. ಅಷ್ಟರಲ್ಲಿ ಕೂಲಂಟೂ ಇಳಿಯೋಕೆ ಶುರು, ಮ್ಯಾನಿಫೋಲ್ಡ್ ಕೆಳಗೆ ಹಸಿರು ಕಲೆ. ಈ ಗಾಡಿ ಮ್ಯಾನಿಫೋಲ್ಡೊಳಗೆ ಕೂಲಂಟ್ ಕೂಡ ಓಡುತ್ತೆ, ಜಾಯಿಂಟಿನ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಸರಿಯಾಗಿ ಒತ್ತಿಕೊಂಡಿಲ್ಲ ಅಂದ್ರೆ ಗಾಳಿ ಒಳಗೆ, ನೀರು ಹೊರಗೆ. ಅದಕ್ಕೆ ಅವನ ಉತ್ತರ: "ರೇಡಿಯೇಟರ್ ಕ್ಯಾಪ್ ಹಾಕ್ಸಿ." ಅದನ್ನೂ ಹಾಕ್ಸಿದೆ!

ಕೊನೆಗೆ ತಡೀಲಾರದೆ ಊರಲ್ಲೇ ಜೀಪ್ ಕೆಲಸ ಮಾಡೋ ಒಬ್ಬ ಹಿರಿಯರ ಹತ್ರ ಹೋದೆ. ಅವರು ಜಾಸ್ತಿ ಮಾತಾಡಲಿಲ್ಲ. ಇಂಜಿನ್ ಓಡ್ತಿರುವಾಗ ಕಾರ್ಬ್ ಕ್ಲೀನರ್ ಸ್ಪ್ರೇನ ಮ್ಯಾನಿಫೋಲ್ಡ್ ಜಾಯಿಂಟ್ ಮೇಲೆ ಸ್ವಲ್ಪ ಸ್ವಲ್ಪ ಹೊಡೆದ್ರು. ಒಂದು ಜಾಗಕ್ಕೆ ಬಂದಾಗ ಐಡ್ಲಿಂಗ್ ಪಟ್ಟನೆ ಬದಲಾಯ್ತು. "ಇಲ್ಲಿ ಗಾಳಿ ಎಳೀತಿದೆ" ಅಂದು, ಪ್ಲಗ್ ಬಿಚ್ಚಿ ತೋರಿಸಿದ್ರು. ಒಂದು ಪ್ಲಗ್ಗಿನ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದ್ರೆ ಹಾಗಾಗುತ್ತಂತೆ, ಹೀಗೇ ಓಡಿಸಿದ್ರೆ ವಾಲ್ವ್ ಸುಡುತ್ತಂತೆ. ಹೊಸ ವಾಲ್ವ್ ಸ್ವಾಮಿ ಅದು!

ಇಂಜಿನ್ ತಣ್ಣಗಾದ ಮೇಲೆ ಬೋಲ್ಟ್ ಬಿಚ್ಚಿ ಒಂದೊಂದಾಗಿ ನ್ಯೂಸ್‌ಪೇಪರ್ ಮೇಲೆ ಸಾಲಾಗಿ ಇಟ್ಟರು. ಉದ್ದ ಇರಬೇಕಾದ ಕಡೆ ಗಿಡ್ಡ, ಗಿಡ್ಡ ಇರಬೇಕಾದ ಕಡೆ ಉದ್ದ. ಬ್ರಾಕೆಟ್ ಹಿಡಿಯೋ ಜಾಗದ ಉದ್ದದ ಬೋಲ್ಟಿಗೆ ಬದಲು ಗಿಡ್ಡದ್ದು ಹಾಕಿ ಬಿಗಿದಿದ್ರು. ನಾಲ್ಕೇ ನಾಲ್ಕು ಸುತ್ತು ಹಿಡಿದಿತ್ತು, ಥ್ರೆಡ್ಡು ಕಿತ್ತು ಬೋಲ್ಟಿನ ತುದಿಗೇ ಅಲ್ಯೂಮಿನಿಯಂ ಸುರುಳಿ ಸುತ್ಕೊಂಡು ಬಂತು. 8 ಎಂಎಂ ಬೋಲ್ಟು ಅಲ್ಯೂಮಿನಿಯಂ ಒಳಗೆ ಏನಿಲ್ಲ ಅಂದ್ರೂ 12 ಎಂಎಂ ಹೋಗಬೇಕು. ಇದು ಹೋಗಿದ್ದು 5.

ಅದನ್ನೂ ಮರೆವು ಅಂತ ಬಿಡ್ತಿದ್ದೆ. ಹಿಂದಿನ ಮೂಲೆಯ ಬೋಲ್ಟ್ ಬಂತು ನೋಡಿ. ತಲೆ ಕೆಳಗೆ ಎರಡು ವಾಷರ್. ಒಂದಲ್ಲ, ಎರಡು. ಒಂದರ ಮೇಲೊಂದು, ಮೇಲೆ ಅನಾಬಾಂಡ್ ಅನ್ನೋ ಸೀಲಿಂಗ್ ಪೇಸ್ಟ್ ಮೆತ್ತಿದ್ದು. ಹಿರಿಯರು ಅದನ್ನ ನನ್ನ ಕೈಗೆ ಕೊಟ್ಟು "ಇದು ಮರೆತು ಹಾಕಿದ್ದಲ್ಲ" ಅಂದ್ರು. ನನಗೆ ಆಗ ತಲೆಗೆ ಹೋಯ್ತು. ಆ ತೂತು ಆರಪಾರ ಇಲ್ಲ, ತಳ ಇದೆ. ಉದ್ದದ ಬೋಲ್ಟು ತಳಕ್ಕೆ ತಾಗಿ ನಿಂತಿದೆ, ಮ್ಯಾನಿಫೋಲ್ಡ್ ಇನ್ನೂ ಅಲ್ಲಾಡ್ತಿದೆ. ಆಗ ಆ ಮನುಷ್ಯನಿಗೆ ಗೊತ್ತಾಗಿದೆ, ಇದು ಬೇರೆ ಬೋಲ್ಟು ಅಂತ. ಗೊತ್ತಾಗಿಯೂ ಸರಿಯಾದ್ದು ಹುಡುಕೋ ಬದಲು ಎರಡು ವಾಷರ್ ಪೇರಿಸಿದಾನೆ. ಪೇರಿಸಿ, ಅನಾಬಾಂಡ್ ಬಳಿದು, ನನ್ನ ಹತ್ರ ದುಡ್ಡು ಎಣಿಸ್ಕೊಂಡು, ಮೂರು ತಿಂಗಳು "ಸೆಟ್ ಆಗುತ್ತೆ ಸಾರ್." ನಾನು ಪೆದ್ದನ ಹಾಗೆ ಬಂಕ್ ಬದಲಾಯಿಸ್ಕೊಂಡು ತಿರುಗ್ತಿದ್ದೆ!

ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಫೋನ್ ಮಾಡಿದೆ. "ಬೋಲ್ಟ್ ಬೋಲ್ಟೇ ಅಲ್ವಾ ಸಾರ್, ಹಿಡ್ಕೊಂಡ್ರೆ ಸಾಕು." ಹಿಡ್ಕೊಂಡಿಲ್ವಲ್ಲಯ್ಯಾ ಅಂದೆ. "ಹುಡುಗ ಹಾಕಿರ್ಬೇಕು." ಬಿಲ್ಲು ಹುಡುಗನದ್ದಾ ಅಂದೆ. ಕೊನೆಗೆ ಬಂತು ಅಸಲಿ ಮಾತು: "ನೀವು ಬೇರೆ ಕಡೆ ಬಿಚ್ಸಿದೀರಲ್ಲ, ಇನ್ನು ನಮ್ದು ಜವಾಬ್ದಾರಿ ಇಲ್ಲ." ಅವರ ಹತ್ರ ಮೂರು ಸಲ ಹೋದಾಗ ಬಿಚ್ಚಲಿಲ್ಲ, ಬೇರೆಯವರು ಬಿಚ್ಚಿದ್ರೆ ತಪ್ಪು ನಂದು!

ಹೆಡ್ ಮತ್ತೆ ಇಳಿಸಿ ಎರಡು ತೂತಿಗೆ ಹೆಲಿಕಾಯಿಲ್ (ಕಿತ್ತ ಥ್ರೆಡ್ಡಿನ ಜಾಗಕ್ಕೆ ಕೂರಿಸೋ ತಂತಿ ಸುರುಳಿ) ಹಾಕಿಸಿ, ಹೊಸ ಪ್ಯಾಕಿಂಗ್, ಸರಿಯಾದ ಅಳತೆಯ ಬೋಲ್ಟು, ಎಲ್ಲ ಸೇರಿ ಇನ್ನೂ ₹9,400. ಹಿರಿಯರು ನಡುವಿಂದ ಶುರುಮಾಡಿ ಎರಡೂ ಕಡೆಗೆ, ಎರಡು ಮೂರು ಸುತ್ತಲ್ಲಿ, ಬಿಗಿತ ಅಳೆಯೋ ಟಾರ್ಕ್ ರೆಂಚ್ ಇಟ್ಟು ಬಿಗಿದ್ರು. ಮೊದಲಿನವನು ಟಾರ್ಕ್ ರೆಂಚ್ ಕೇಳಿದ್ರೆ ಮೊಣಕೈ ತೋರಿಸಿದ್ದ.

ಮಾಡಿಸೋರಿಗೆ ಹೇಳೋದಿಷ್ಟು. ಬಿಚ್ಚೋ ಮೊದಲು ಫೋಟೋ ತೆಗೀರಿ. ಒಂದು ರಟ್ಟಿನ ಮೇಲೆ ಮ್ಯಾನಿಫೋಲ್ಡ್ ಚಿತ್ರ ಬರೆದು, ಯಾವ ಬೋಲ್ಟು ಯಾವ ತೂತಿನದೋ ಅಲ್ಲೇ ಚುಚ್ಚಿಡಿ. ಮತ್ತೆ ಹಾಕೋವಾಗ ಪ್ಯಾಕಿಂಗ್ ಇಲ್ಲದೆ ಒಂದ್ಸಲ ಮ್ಯಾನಿಫೋಲ್ಡ್ ಇಟ್ಟು, ಬೋಲ್ಟನ್ನ ಕೈಯಲ್ಲೇ ಕೊನೆತನಕ ತಿರುಗಿಸಿ ನೋಡಿ. ತಲೆ ಕೂರೋಕೆ ಮುಂಚೆ ನಿಂತ್ರೆ ಅದು ಆ ಜಾಗದ್ದಲ್ಲ. "ಕಣ್ಮುಚ್ಕೊಂಡು ಹಾಕ್ತೀನಿ" ಅಂದ್ರೆ ಗಾಡಿ ತಳ್ಕೊಂಡಾದ್ರೂ ವಾಪಸ್ ಬನ್ನಿ.

ಇನ್ನೊಂದು ಹೇಳಬಾರದು ಅಂತಿದ್ದೆ, ಹೇಳ್ತೀನಿ. ಗಾಡಿ ಬಂದ ಹೊಸದರಲ್ಲಿ ಹುಮ್ಮಸ್ಸಲ್ಲಿ ನಮ್ಮ ಭಾವನಿಗೆ ಇದೇ ಗ್ಯಾರೇಜ್ ಹೇಳಿದ್ದೆ, ಅವರ ಓಮ್ನಿಗೆ. ನಿನ್ನೆ ರಾತ್ರಿ ನೆನಪಾಗಿ ಫೋನ್ ಮಾಡಿದೆ. ಸೋಮವಾರವೇ ಬಿಟ್ಟು ಬಂದಿದ್ದಾರೆ, ಹೆಡ್ ಇಳಿಸಾಗಿದೆ. "ಬೋಲ್ಟೆಲ್ಲ ಎಲ್ಲಿಟ್ಟಿದಾರೆ ಭಾವ?" ಅಂದೆ. "ಒಂದು ಡಬ್ಬೀಲಿ ಹಾಕಿ ಡೀಸೆಲ್ ಸುರಿದಿದಾರಪ್ಪ, ಯಾಕೆ?" ಅಂದ್ರು.