ಒಗಿಮಾಚಿಯ ಹುಲ್ಲುಮನೆ ವಸತಿ: ಮನೆಗೆ ಪೂರ್ಣ ಅಂಕ, ನಿದ್ದೆಗೆ ಸ್ವಲ್ಪ ಕಡಿಮೆ

ಜಪಾನಿನ ಗಿಫು ಪ್ರಾಂತ್ಯದ ಶಿರಕಾವಾ-ಗೊಗೆ ಬರುವವರಲ್ಲಿ ಹೆಚ್ಚಿನವರು ತಕಾಯಾಮಾದಲ್ಲಿ ಬಸ್ಸು ಹತ್ತಿ, 50 ನಿಮಿಷದಲ್ಲಿ ಒಗಿಮಾಚಿ ಹಳ್ಳಿಯಲ್ಲಿ ಇಳಿದು, ಎರಡು ಮೂರು ತಾಸು ಸುತ್ತಾಡಿ ಹಿಂದಿರುಗುತ್ತಾರೆ. ಅಷ್ಟರಲ್ಲಿ ಮನೆಗಳ ಹೊರಮೈ ಮಾತ್ರ ಕಾಣುತ್ತದೆ. ಇಲ್ಲಿನ ಕೆಲವು ಗಾಶೊ-ಜುಕುರಿ (ಕಡಿದಾದ ಹುಲ್ಲು ಚಾವಣಿಯ) ಮನೆಗಳನ್ನು ಮನೆಯವರೇ ಮಿನ್ಶುಕು, ಅಂದರೆ ಊಟ ಸಹಿತ ವಸತಿಯಾಗಿ ನಡೆಸುತ್ತಾರೆ. ಈ ಊರನ್ನು ಅರಿಯಲು ಅಲ್ಲೊಂದು ರಾತ್ರಿ ತಂಗುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಹೋಟೆಲಿನ ಸೌಕರ್ಯ ಬೇಕೆನ್ನುವವರು ತಕಾಯಾಮಾದಲ್ಲೇ ಉಳಿಯುವುದು ಲೇಸು.

ಮೊದಲು ಮನೆಯ ವಿಷಯ. ಒದ್ದೆ ಹಿಮದ ಭಾರ ನಿಲ್ಲದೆ ಜಾರಲೆಂದು ಚಾವಣಿ ಸುಮಾರು 60 ಡಿಗ್ರಿ ಕಡಿದಾಗಿದೆ. ಮನೆಗಳ ತ್ರಿಕೋನದ ಮುಖಗಳು ಕಣಿವೆಯ ಉದ್ದಕ್ಕೆ, ಉತ್ತರ-ದಕ್ಷಿಣವಾಗಿ ನಿಂತಿವೆ. ಹಾಗಾಗಿ ಗಾಳಿಯ ಹೊಡೆತ ಕಡಿಮೆ, ಎರಡೂ ಇಳಿಜಾರಿಗೆ ಬಿಸಿಲು ಸಮವಾಗಿ ಬಿದ್ದು ಹುಲ್ಲು ಒಣಗುತ್ತದೆ. ಕೆಳಗಿನ ಚೌಕಟ್ಟು ಬಡಗಿಗಳ ಕೆಲಸ, ಮೇಲಿನದು ಊರವರದ್ದು. ಅಲ್ಲಿ ಮೊಳೆಯೇ ಇಲ್ಲ, ಹಗ್ಗ ಮತ್ತು ನೇಸೊ ಎಂಬ ಬಾಗುವ ಎಳೆಕೊಂಬೆಗಳ ಕಟ್ಟು. ಓರೆ ಮರಗಳ ಬುಡವನ್ನು ಚೂಪಾಗಿ ಕೆತ್ತಿ ತೊಲೆಯ ಗುಳಿಯಲ್ಲಿ ಕೂರಿಸಿದ್ದಾರೆ. ಗಾಳಿ ಬಂದರೆ ಚಾವಣಿ ತುಸು ಅಲುಗುತ್ತದೆ, ಮುರಿಯುವುದಿಲ್ಲ. ಹುಲ್ಲು ಹೊದಿಸುವಾಗ ಯುಯಿ ಎಂಬ ಮುಯ್ಯಾಳು ಪದ್ಧತಿಯಲ್ಲಿ ನೂರಕ್ಕೂ ಹೆಚ್ಚು ಜನ ಸೇರುವುದುಂಟು.

ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಕೆಳಗಿನ ಇರೊರಿ ಒಲೆಯ ಹೊಗೆ ಅಟ್ಟದ ಸಂದುಗಳಲ್ಲಿ ಏರಿ ಹುಳುಗಳನ್ನು ಬೆಚ್ಚಗಿಟ್ಟು, ಹಗ್ಗ-ಹುಲ್ಲಿಗೆ ಮಸಿ ಹಿಡಿಸಿ ಕೀಟಗಳನ್ನು ದೂರವಿಡುತ್ತಿತ್ತು. ಈಗ ಒಲೆ ದಿನವಿಡೀ ಉರಿಯದ ಮನೆಗಳಲ್ಲಿ ಹುಲ್ಲು ಬೇಗ ಹಾಳಾಗುತ್ತದೆ. ಬಟ್ಟೆಗೆ ಹೊಗೆ ವಾಸನೆ ಹತ್ತಿದರೆ ದಯವಿಟ್ಟು ದೂರಬೇಡಿ, ಆ ಹೊಗೆಯೇ ಮನೆಯನ್ನು ಕಾಯುವುದು. ಅತಿಥಿಗಳಿಗೆ ಸಾಮಾನ್ಯವಾಗಿ ಕೆಳಗಿನ ಕೋಣೆಗಳೇ ಸಿಗುವುದರಿಂದ, ಅಟ್ಟ ನೋಡಲು ಟಿಕೆಟ್ ಕೊಂಡು, ನೋಡುಗರಿಗೆ ತೆರೆದಿರುವ ವಾದಾ ಮನೆಯಂಥ ಕಡೆಗೆ ಹೋಗಬೇಕು.

ಇನ್ನು ತೊಂದರೆಗಳು. ಕೋಣೆಗಳ ನಡುವೆ ಇರುವುದು ಕಾಗದದ ಜಾರುಬಾಗಿಲು. ಪಕ್ಕದವರ ಗೊರಕೆ, ಬ್ಯಾಗಿನ ಜಿಪ್ಪು ಎಲ್ಲವೂ ಕೇಳುತ್ತದೆ. ಕಿವಿಗೆ ಹತ್ತಿ ಇರಲಿ. ಹಾಸಿಗೆ ನೆಲದ ಮೇಲೆ, ಮಂಡಿನೋವಿನವರಿಗೆ ಏಳುವುದು ಕಷ್ಟ. ಶೌಚಾಲಯ, ಸ್ನಾನದ ಮನೆ ಎಲ್ಲರಿಗೂ ಒಂದೇ. ತೊಟ್ಟಿಯ ಹೊರಗೇ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆ ತೊಟ್ಟಿಗಿಳಿಯಬೇಕು. ಮುಂದಿನವರಿಗೂ ಅದೇ ನೀರು, ಆದ್ದರಿಂದ ಬಿರಡೆ ಎಳೆಯಬಾರದು. ಚಳಿಗಾಲದಲ್ಲಿ ಹೀಟರಿನ ಪಕ್ಕ ಬೆಚ್ಚಗಿದ್ದರೂ ಪಡಸಾಲೆ ಕೊರೆಯುತ್ತದೆ. ಕೆಲವು ಮನೆಗಳು ಹೀಟರಿಗೆ ಬೇರೆ ಹಣ ಪಡೆಯುತ್ತವೆ.

ದರ ಹೇಳುವುದು ಕೋಣೆಗಲ್ಲ, ತಲೆಗೆ. ರಾತ್ರಿಯೂಟ, ಬೆಳಗಿನ ಊಟ ಅದರಲ್ಲೇ ಬರುತ್ತದೆ. ಊಟ ಸಂಜೆ ಆರರ ಸುಮಾರಿಗೆ. ತಡವಾಗಿ ಬಂದರೆ ತಟ್ಟೆ ಕಾಯುವುದಿಲ್ಲ, ಅಡುಗೆಯವರು ಮನೆಮಂದಿಯೇ. ಒಣ ಎಲೆಯ ಮೇಲೆ ಮಿಸೊ (ಹುದುಗಿಸಿದ ಸೋಯಾ ಮುದ್ದೆ), ಈರುಳ್ಳಿ ಸೊಪ್ಪು, ಅಣಬೆ ಇಟ್ಟು ಪುಟ್ಟ ಒಲೆಯಲ್ಲಿ ಸುಡುವ ಹೋಬಾ ಮಿಸೊ ಅನ್ನಕ್ಕೆ ಬಹಳ ಚೆನ್ನ. ಅಂಚು ಕರಕಲಾಗುವ ಮೊದಲೇ ಕಲಸುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಸಸ್ಯಾಹಾರಿಗಳು ಗಮನಿಸಿ: ಮೀನು ತಟ್ಟೆಯಿಂದ ತೆಗೆದರೆ ಸಾಲದು, ಸಾರು, ಸೊಪ್ಪು, ಮಿಸೊ ಸೂಪ್ ಎಲ್ಲಕ್ಕೂ ದಾಶಿ, ಅಂದರೆ ಒಣಮೀನು ಬೇಯಿಸಿ ತೆಗೆದ ರಸ, ಬೀಳುತ್ತದೆ. ಬುಕ್ ಮಾಡುವಾಗಲೇ ಮೀನು, ಮಾಂಸ, ಮೀನಿನ ದಾಶಿ ಮೂರೂ ಬೇಡವೆಂದು ಬರೆದು ತಿಳಿಸಿ, ಒಪ್ಪಿಗೆ ಬಂದ ಮೇಲೆ ಖಚಿತಪಡಿಸಿ. ಊಟದ ಹೊತ್ತಿಗೆ ಹೇಳಿದರೆ ಅನ್ನ, ಉಪ್ಪಿನಕಾಯಿಯಷ್ಟೇ ಉಳಿದೀತು.

ಕೋಣೆಗಳು ಕಡಿಮೆ, ಅದಕ್ಕೆ ಕಾರಣವೂ ಇದೆ. ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಎಂದು ಊರವರು 1971ರಲ್ಲೇ ಕಟ್ಟು ಮಾಡಿಕೊಂಡರು. ಯುನೆಸ್ಕೊ ಪಟ್ಟಿಗೆ ಸೇರಿದ್ದು 1995ರಲ್ಲಿ. ಶರತ್ಕಾಲದ ವಾರಾಂತ್ಯ ಬೇಕಿದ್ದರೆ ತಿಂಗಳುಗಳ ಮೊದಲೇ ಹಿಡಿಯಿರಿ. ಚಳಿಗಾಲದ ದೀಪಾಲಂಕಾರದ ಸಂಜೆಗಳಿಗೆ ಊರೊಳಗೆ ಬರಲೂ ಮುಂಗಡ ನೋಂದಣಿ ಬೇಕು. ಕಾರ್ಡು ನಡೆಯದ ಮನೆಗಳಿವೆ, ನಗದು ಯೆನ್ ಜೊತೆಗಿರಲಿ.

ಬೆಂಕಿಯ ವಿಷಯದಲ್ಲಿ ಯಾರೂ ಸಡಿಲ ಬಿಡುವುದಿಲ್ಲ, ಬಿಡಲೂಬಾರದು. ದಾರಿಯಲ್ಲಿ ಸಿಗರೇಟು, ಪಟಾಕಿ ನಿಷಿದ್ಧ. ಮನೆಗಳ ಸುತ್ತ ನೀರು ಚಿಮ್ಮಿಸುವ ಫಿರಂಗಿಗಳಿವೆ. ಕಸದ ಡಬ್ಬಿ ಹುಡುಕಬೇಡಿ, ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸ್ ಹೋಗಬೇಕು. ಬೆಳಗಿನ ಊಟಕ್ಕೆ ಮೊದಲೇ ಎದ್ದರೆ, ಬಸ್ಸುಗಳು ಬರುವ ಮುನ್ನ ಶಿರೊಯಾಮಾ ದಿಬ್ಬ ಹತ್ತಿ ಊರನ್ನಿಡೀ ನೋಡಬಹುದು. ನಡಿಗೆ 15-20 ನಿಮಿಷ, ಹಿಮ ಬಿದ್ದಾಗ ಕಾಲುದಾರಿ ಮುಚ್ಚಿರುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ಕೆಲವಕ್ಕೆ ಸೀಟು ಕಾದಿರಿಸಲೇಬೇಕು, ಕೆಲವಕ್ಕೆ ಸರದಿ ಸಾಲು. ಟಿಕೆಟ್ ಕೊಳ್ಳುವಾಗಲೇ ಯಾವುದೆಂದು ಕೇಳಿಕೊಳ್ಳಿ.