ದಿನಸಿಗೆ ಆ್ಯಪ್ ಒಳ್ಳೆಯದೋ, ಮಂಡಿಪೇಟೆಯೋ?

ತುಮಕೂರಿನ ನಮ್ಮ ಮನೆಗೆ ತಿಂಗಳ ದಿನಸಿ ಮೂರು ದಾರಿಗಳಲ್ಲಿ ಬರುತ್ತದೆ: ಮೊಬೈಲ್ ಆ್ಯಪ್, ಮಂಡಿಪೇಟೆಯ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಚೀಟಿ, ಇಲ್ಲವೇ ಚೀಲ ಹಿಡಿದು ನಾವೇ ಹೋಗುವುದು.

ಉಪ್ಪು, ಸೋಪು, ಎಣ್ಣೆಯಂಥವುಗಳಿಗೆ ಆ್ಯಪ್ ಸಾಕು. ಚಿತ್ರದಲ್ಲಿ ಕಂಡ ಪ್ಯಾಕೆಟ್ಟೇ ಮನೆಗೆ ಬರುತ್ತದೆ. 2011ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಮೆಟ್ರೊ ನಿಲ್ದಾಣವೊಂದರಲ್ಲಿ ಹೋಮ್‌ಪ್ಲಸ್ ಕಂಪನಿ ಸರಕುಗಳ ಚಿತ್ರಗಳನ್ನೇ ಅಂಗಡಿಯ ಕಪಾಟಿನಂತೆ ಜೋಡಿಸಿತ್ತು. ರೈಲಿಗೆ ಕಾಯುವವರು ಮೊಬೈಲ್‌ನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಮಾನು ಮನೆಗೆ ತಲುಪುತ್ತಿತ್ತು. ಮರುವರ್ಷ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಬ್ರಿಟನ್ನಿನ ದಿನಸಿ ಮಳಿಗೆಗಳ ಕಂಪನಿ ಟೆಸ್ಕೊ ಇದನ್ನೇ ಪರದೆಗಳ ಮೂಲಕ ಮಾಡಿತು. ಮುಚ್ಚಿದ ಪ್ಯಾಕೆಟ್‌ಗೆ ಚಿತ್ರವನ್ನು ನಂಬಬಹುದು.

ಹುಣಸೆಹಣ್ಣಿಗೆ ಆ ನಂಬಿಕೆ ಸಲ್ಲದು. ಹುಣಸೆಗೆ ಹೆಸರಾದ ಜಿಲ್ಲೆ ನಮ್ಮದು. ಹೊಸ ಹಣ್ಣು ಯಾವುದು, ಹಳೆಯದು ಯಾವುದು, ಬೀಜ ಎಷ್ಟು, ನಾರು ಎಷ್ಟು ಎಂದು ನೋಡದೆ ಇಲ್ಲಿ ಯಾರೂ ಕೊಳ್ಳುವುದಿಲ್ಲ. ಆ್ಯಪ್‌ನಲ್ಲಿ ಹೊಳೆಯುವ ಕಂದು ಬಣ್ಣದ ಹಣ್ಣಿನ ಚಿತ್ರವಿತ್ತು. ಬಂದದ್ದು ಕಪ್ಪಗೆ, ಒದ್ದೆಯಾಗಿ, ಬೀಜದ ಸಮೇತ. ಹಣವನ್ನೇನೋ ತಕರಾರಿಲ್ಲದೆ ಮರಳಿಸಿದರು, ಆದರೆ ಅಂದಿನ ಸಾರಿಗೆ ಹುಳಿ ಇರಲಿಲ್ಲ.

ಅದೇ ಹುಣಸೆಹಣ್ಣನ್ನು ಅಂಗಡಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದಾಗ ಎರಡು ಮೂಟೆಗಳ ಫೋಟೊ ಬಂತು. ಜೊತೆಗೆ ಧ್ವನಿ ಸಂದೇಶ: “ಅಕ್ಕ, ಎಡಗಡೆಯದು ಹೊಸದು, ಇನ್ನೂ ಹಸಿ ಇದೆ. ಸಾರಿಗೆ ಬಲಗಡೆಯದನ್ನೇ ತೆಗೆದುಕೊಳ್ಳಿ.” ಇದೂ ಪರದೆಯ ಮೇಲಿನ ಚಿತ್ರವೇ. ಆದರೆ ನಾನು ತಿನ್ನಲಿರುವ ಹಣ್ಣಿನದೇ ಚಿತ್ರ, ಅದನ್ನು ಕೈಯಲ್ಲಿ ಹಿಡಿದವರದೇ ಮಾತು. ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ, ರಾಗಿಯನ್ನೂ ಈಗ ಹೀಗೆಯೇ ತರಿಸುತ್ತೇನೆ. ಅಮ್ಮನಿಗೂ ಇದು ಸುಲಭ. ಹುಡುಕಿ ಒತ್ತುವ ಗೋಜಿಲ್ಲದೆ ಬೇಕಾದುದನ್ನೆಲ್ಲ ಮಾತಿನಲ್ಲೇ ಹೇಳಿ ಕಳುಹಿಸುತ್ತಾರೆ. ತೊಂದರೆಯೆಂದರೆ ಬೆಲೆ ಮೊದಲೇ ಕಾಣುವುದಿಲ್ಲ, ಒಂದೊಂದನ್ನೂ ಕೇಳಬೇಕು. ಈ ವಿಷಯದಲ್ಲಿ ಆ್ಯಪ್ ಬಹಳ ಮುಂದಿದೆ, ಆದರೆ ಸಣ್ಣ ಖರೀದಿಯಾದರೆ ಸಾಗಣೆ ಶುಲ್ಕ ಸೇರಿ ಬೆಲೆಯ ಲಾಭ ಕರಗುತ್ತದೆ.

ಪ್ಯಾಕೆಟ್ ಸರಕಿನಲ್ಲೂ ಆ್ಯಪ್ ಒಂದು ಸಂಗತಿಯನ್ನು ಹೇಳದೆ ಬಿಡಬಹುದು. ಪೊಟ್ಟಣ ಸಾಮಗ್ರಿಗಳ ನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಆನ್‌ಲೈನ್‌ನಲ್ಲಿ ಮಾರುವವರು ಗರಿಷ್ಠ ಬೆಲೆ, ನಿವ್ವಳ ತೂಕ, ತಯಾರಕರ ವಿವರಗಳನ್ನು ಪರದೆಯ ಮೇಲೆ ತೋರಿಸಲೇಬೇಕು. ತಯಾರಾದ ಅಥವಾ ಪ್ಯಾಕ್ ಮಾಡಿದ ತಿಂಗಳು, ವರ್ಷಕ್ಕೆ ಮಾತ್ರ ವಿನಾಯಿತಿ. ಗೋಧಿ ಹಿಟ್ಟು ಕೊಳ್ಳುವವರಿಗೆ ಇದೇ ಮುಖ್ಯ ಮಾಹಿತಿ. ಅಂಗಡಿಯಲ್ಲಾದರೆ ಪ್ಯಾಕೆಟ್ ತಿರುಗಿಸಿ ಓದುತ್ತೇವೆ. ಈ ವಿನಾಯಿತಿಯನ್ನು ತೆಗೆಯಬೇಕೆಂದು ನಾನು ಬಲವಾಗಿ ಬಯಸುತ್ತೇನೆ. ಅಲ್ಲಿಯವರೆಗೆ ಹಿಟ್ಟು, ರವೆ, ಮಸಾಲೆ ಪುಡಿಗಳನ್ನು ಆ್ಯಪ್‌ನಿಂದ ತರಿಸಿದರೆ ತಲುಪಿದ ಕೂಡಲೇ ದಿನಾಂಕ ನೋಡಿ, ಹಳೆಯದಾಗಿದ್ದರೆ ಅಂದೇ ಹಿಂತಿರುಗಿಸಿ.

ಅವರೆಕಾಯಿಗೆ ಮಾತ್ರ ಅಂತರಸನಹಳ್ಳಿ ಮಾರುಕಟ್ಟೆಗೆ ನಾವೇ ಹೋಗಬೇಕು. ಡಿಸೆಂಬರ್, ಜನವರಿಯಲ್ಲಿ ಹೋದರೆ ಸೊಗಡು ಮೂಗಿಗೇ ತಿಳಿಯುತ್ತದೆ, ಕಾಳು ಬಲಿತಿದೆಯೇ ಎಂದು ಬೆರಳಿಗೆ ತಿಳಿಯುತ್ತದೆ, ಒಂದು ಕಾಯಿ ಸುಲಿದರೆ ಹುಳ ಇದೆಯೇ ಎಂದು ಕಣ್ಣಿಗೆ ತಿಳಿಯುತ್ತದೆ. ಇವನ್ನೆಲ್ಲ ಯಾವ ಫೋಟೊವೂ ಹೇಳಲಾರದು, ಅಂಗಡಿಯವರು ಕಳುಹಿಸಿದ್ದೂ ಸೇರಿದಂತೆ.